ನೀರು ಇಳಿದಾಗ ಕಂಡ ಊರು



ಈ ಸಲದ ಗೋಡೆ ಪತ್ರಿಕೆಗೆ ನಮ್ಮ ಶೈಕ್ಷಣಿಕ ಪ್ರವಾಸದ ಬಗ್ಗೆ ಬರೀರಿ ಅಂತ ವಿಜ್ಞಾನ ಮೇಷ್ಟ್ರು ಹೇಳಿದ್ದಾರೆ. ಪ್ರವಾಸ ಅಂದ್ರೆ ಎಲ್ಲರೂ ರೈಲಲ್ಲಿ ಅಂತ್ಯಾಕ್ಷರಿ ಆಡಿದ್ದು, ಚಿತ್ರಾನ್ನ ತಿಂದಿದ್ದು ಬರೀತಾರೆ. ನಾನು ಅದನ್ನೆಲ್ಲ ಬಿಟ್ಟು ಒಂದೇ ಒಂದು ಬೆಳಗಿನ ಎರಡು ಗಂಟೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಆ ಎರಡು ಗಂಟೆ ನಾವು ಕುಮಟಾದ ಕಡಲತೀರದಲ್ಲಿ, ಸಮುದ್ರ ಹಿಂದಕ್ಕೆ ಸರಿದಿದ್ದ ಹೊತ್ತಿನಲ್ಲಿ, ಬಂಡೆಗಳ ಮೇಲೆ ನಡೆದೆವು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನೂ ಕೊನೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಅರ್ಧಕ್ಕೇ ಬಿಟ್ಟು ಹೋಗಬೇಡಿ.

ಬಂಡೆಹೊಂಡ ಅಂದ್ರೆ ಏನು?

ಸಮುದ್ರ ತೀರ ಅಂದ್ರೆ ಬರೀ ಮರಳು ಅಂತ ನಾನು ತಿಳಿದಿದ್ದೆ. ಹಾಗಲ್ಲ. ನಮ್ಮ ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೂ ಹೆಚ್ಚು ಉದ್ದ ಇದೆ. ಅದರಲ್ಲಿ ಅಲ್ಲಲ್ಲಿ ಗುಡ್ಡಗಳು ಸಮುದ್ರದ ಒಳಗೇ ಕಾಲು ಚಾಚಿ ಕೂತಿವೆ. ಕಾರವಾರ, ಗೋಕರ್ಣ, ಕುಮಟಾ, ಭಟ್ಕಳದ ಕಡೆ ಇಂಥ ಜಾಗ ತುಂಬಾ ಇದೆ. ಗುಡ್ಡದ ಬುಡದ ಬಂಡೆಗಳಲ್ಲಿ ಸಣ್ಣ ದೊಡ್ಡ ತಗ್ಗುಗಳಿರುತ್ತವೆ. ಸಮುದ್ರದ ನೀರು ಏರಿದಾಗ ಎಲ್ಲವೂ ಮುಳುಗುತ್ತದೆ. ಇಳಿದಾಗ ಬಂಡೆ ಮೇಲೆ ಬರುತ್ತದೆ, ಆದರೆ ತಗ್ಗುಗಳಲ್ಲಿ ನೀರು ನಿಂತುಬಿಡುತ್ತದೆ. ಆ ನಿಂತ ನೀರಿನ ಗುಂಡಿಯೇ ಬಂಡೆಹೊಂಡ. ಕೆಲವು ನಮ್ಮ ಮನೆ ಬಕೆಟ್ಟಿನಷ್ಟು, ಕೆಲವು ನಮ್ಮ ತರಗತಿಯಷ್ಟು ದೊಡ್ಡವು.

ನೀರು ಯಾಕೆ ಏರುತ್ತೆ, ಯಾಕೆ ಇಳಿಯುತ್ತೆ?

ಇದು ನಮ್ಮ ಪಾಠದಲ್ಲೇ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ, ಕಣ್ಣಾರೆ ನೋಡಿರಲಿಲ್ಲ. ಚಂದ್ರ ತನ್ನ ಕಡೆಗಿರುವ ಸಮುದ್ರವನ್ನು ಜಾಸ್ತಿ ಎಳೆಯುತ್ತಾನೆ, ಭೂಮಿಯ ಆಚೆ ಬದಿಯ ಸಮುದ್ರವನ್ನು ಕಡಿಮೆ ಎಳೆಯುತ್ತಾನೆ. ಇದರಿಂದ ನೀರು ಎರಡು ಕಡೆ ಉಬ್ಬುತ್ತದೆ. ಭೂಮಿ ತಿರುಗುತ್ತಾ ಇರುವುದರಿಂದ ನಮ್ಮ ತೀರ ಒಂದು ಸುತ್ತಿನಲ್ಲಿ ಎರಡೂ ಉಬ್ಬುಗಳನ್ನು ದಾಟುತ್ತದೆ. ಹಾಗಾಗಿ ನಮ್ಮಲ್ಲಿ ಎರಡು ಉಬ್ಬರ, ಎರಡು ಇಳಿತ. ಉಬ್ಬರಕ್ಕೂ ಇಳಿತಕ್ಕೂ ಮಧ್ಯೆ ಸುಮಾರು ಆರೂಕಾಲು ಗಂಟೆ. ಅಷ್ಟು ಹೊತ್ತಿಗೆ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನಲ್ಲ, ಅದಕ್ಕೇ ದಿನವೂ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯನೂ ಚಂದ್ರನೂ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರೆ. ಆಗ ನೀರು ತುಂಬಾ ಮೇಲೆ ಏರುತ್ತದೆ, ತುಂಬಾ ಕೆಳಗೆ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಅಡ್ಡಕ್ಕೆ ಎಳೆಯುತ್ತಾರೆ. ಆಗ ಏರಿಳಿತ ಕಡಿಮೆ. ಉತ್ತರ ಕನ್ನಡದ ತೀರದಲ್ಲಿ ಅಮಾವಾಸ್ಯೆಯ ದೊಡ್ಡ ಏರಿಳಿತ ಸುಮಾರು 2 ಮೀಟರ್, ಅಂದ್ರೆ ನಮ್ಮ ತರಗತಿ ಬಾಗಿಲಿನಷ್ಟು ಎತ್ತರ. ಗುಜರಾತಿನ ಭಾವನಗರದಲ್ಲಿ ಇದು 10 ಮೀಟರಿನ ಹತ್ತಿರ ಹೋಗುತ್ತದಂತೆ!

ಇಲ್ಲಿ ಒಂದು ಸ್ವಾರಸ್ಯ ಕೇಳಿ. ಹೆಗ್ಗನಹಳ್ಳಿಯಲ್ಲಿ ಕೂತು, ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡಿಯೇ ಕುಮಟಾದ ಇಳಿತವನ್ನು ಅಂದಾಜು ಮಾಡಬಹುದು. ಅಮಾವಾಸ್ಯೆ, ಹುಣ್ಣಿಮೆ ದಿನ ಅಲ್ಲಿ ಬೆಳಿಗ್ಗೆ ಐದು-ಆರರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ, ಮತ್ತೆ ಸಂಜೆ ಐದು-ಆರಕ್ಕೆ. ಆಮೇಲೆ ಒಂದೊಂದು ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ಸೇರಿಸುತ್ತಾ ಹೋಗಿ. ಇದು ಬರೀ ಅಂದಾಜು. ಸರಿಯಾದ ಸಮಯ ಬೇಕಾದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರವಿಳಿತದ ಪಟ್ಟಿ ಪ್ರಕಟಿಸುತ್ತದೆ, ಅದನ್ನು ನೋಡಬೇಕು. ನಮ್ಮ ಮೇಷ್ಟ್ರು ಅದನ್ನು ನೋಡಿಯೇ ಅಮಾವಾಸ್ಯೆ ಕಳೆದ ಎರಡನೇ ದಿನವನ್ನು ಗೊತ್ತು ಮಾಡಿದ್ದರು. ದೊಡ್ಡ ಇಳಿತ ಅಮಾವಾಸ್ಯೆ ದಿನವೇ ಬರಬೇಕಂತಿಲ್ಲ, ಒಂದೆರಡು ದಿನ ತಡವಾಗಿ ಬರುತ್ತದೆ.

ಬಂಡೆಗೆ ಇಳಿದೆವು

ರಾತ್ರಿ ರೈಲು ಹತ್ತಿ ಬೆಳಿಗ್ಗೆ ಕುಮಟಾದಲ್ಲಿ ಇಳಿದು, ಅವತ್ತು ಒಂದು ಶಾಲೆಯಲ್ಲಿ ತಂಗಿದ್ವಿ. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ವನ್ನಳ್ಳಿ ಕಡೆಯ ತೀರಕ್ಕೆ ಹೊರಟೆವು. ನಮಗೆ ದಾರಿ ತೋರಿಸಲು ಕಡಲ ಜೀವಶಾಸ್ತ್ರ ಓದಿದ ಒಬ್ಬ ಅಕ್ಕ ಬಂದಿದ್ದರು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅವರು ಓದಿದ್ದು ಅಲ್ಲಿ. ಅವರ ಕೈಯಲ್ಲಿ ಒಂದು ಬಿದಿರು ಕೋಲು, ಕುತ್ತಿಗೆಯಲ್ಲಿ ಒಂದು ಸೀಟಿ ಇತ್ತು.

"ಇಳಿತ ಏಳು ಗಂಟೆಗೆ. ನಾವು ಒಂದು ಗಂಟೆ ಮುಂಚೆ ಇಳೀತೀವಿ, ನೀರಿನ ಹಿಂದೆಯೇ ಕೆಳಗೆ ಹೋಗ್ತೀವಿ. ಏಳೂವರೆಗೆ ಸೀಟಿ ಊದ್ತೀನಿ. ಊದಿದ ಮೇಲೆ ಎಷ್ಟೇ ಚೆಂದದ್ದು ಕಂಡರೂ ಯಾರೂ ನಿಲ್ಲಬಾರದು" ಅಂದರು. ಇನ್ನೂ ಮೂರು ಮಾತು ಹೇಳಿದರು. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ. ಹಸಿರು ಪಾಚಿಯ ಮೇಲೆ ಕಾಲಿಡಬೇಡಿ. ಏನನ್ನೂ ಎತ್ತಿಕೊಳ್ಳಬೇಡಿ, ಖಾಲಿ ಚಿಪ್ಪನ್ನೂ ಸಹ.

ಮೂರನೇ ಮಾತು ಕೇಳಿ ನನಗೆ ಸಂಕಟ ಆಯಿತು. ಯಾಕಂದ್ರೆ ಊರಲ್ಲಿ ನನ್ನ ತಮ್ಮನಿಗೆ ಶಂಖ ತಂದುಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ.

ನೀರು ಬಿಡೋ ಟೈಮು

ಬಂಡೆಯ ಮೇಲೆ ಯಾವ ಜೀವಿ ಎಲ್ಲಿ ಬೇಕಾದರೂ ಇರುವುದಿಲ್ಲ. ನಮ್ಮ ಹೆಗ್ಗನಹಳ್ಳಿಯ ಬಾಡಿಗೆ ಮನೆಗಳ ಹಾಗೆ ಅಲ್ಲೂ ಅಂತಸ್ತು ಇದೆ. ನಮ್ಮಲ್ಲಿ ಮೂರನೇ ಮಹಡಿಯವರಿಗೆ ನೀರು ಕಷ್ಟ, ಕೆಳಗಿನವರಿಗೆ ಪರವಾಗಿಲ್ಲ. ಅಲ್ಲೂ ಹಾಗೇ!

ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ದೊಡ್ಡ ಉಬ್ಬರದಲ್ಲಿ ಮಾತ್ರ ನೀರು ತಲುಪುತ್ತದೆ. ಉಳಿದ ದಿನ ಬರೀ ಅಲೆಯ ಹನಿ. ಅಲ್ಲಿ ಕಡಲೆಕಾಳಿನಷ್ಟು ದೊಡ್ಡ ಬಸವನಹುಳುಗಳು ಬಿರುಕಿನಲ್ಲಿ ಗುಂಪಾಗಿ ಅಂಟಿಕೊಂಡಿದ್ದವು. ಒಣ ಹೊತ್ತಿನಲ್ಲಿ ಇವು ಚಿಪ್ಪಿನ ಒಳಗೆ ಹೋಗಿ ಒಂದು ಮುಚ್ಚಳ ಹಾಕಿಕೊಳ್ಳುತ್ತವೆ. ಒಳಗಿನ ತೇವ ಆರುವುದಿಲ್ಲ.

ಮಧ್ಯದ ಅಂತಸ್ತಿಗೆ ದಿನಕ್ಕೆ ಎರಡು ಸಲ ನೀರು ಬಂದು ಹೋಗುತ್ತದೆ. ಇಲ್ಲಿ ಬಂಡೆಯೆಲ್ಲ ಬಿಳಿ ಬಿಳಿ ಮೊನಚು, ಬರಿಗಾಲಿಟ್ಟರೆ ರಕ್ತ ಬರುತ್ತೆ. ಸುಣ್ಣ ಗಟ್ಟಿಯಾಗಿದೆ ಅಂದುಕೊಂಡೆ. ಅವೆಲ್ಲ ಬಾರ್ನಕಲ್ ಅನ್ನೋ ಪ್ರಾಣಿಗಳು! ನೋಡಲು ಚಿಪ್ಪಿನ ಹುಳುವಿನ ಹಾಗಿದ್ದರೂ ಇವು ಏಡಿ, ಸಿಗಡಿಯ ಸಂಬಂಧಿಕರು. ಮರಿಯಾಗಿದ್ದಾಗ ನೀರಲ್ಲಿ ಈಜಾಡಿ, ಆಮೇಲೆ ಒಂದು ಬಂಡೆ ಆರಿಸಿಕೊಂಡು, ತಲೆಯನ್ನೇ ಬಂಡೆಗೆ ಅಂಟಿಸಿ, ಸುತ್ತ ಗೋಡೆ ಕಟ್ಟಿಕೊಳ್ಳುತ್ತವೆ. ಆಮೇಲೆ ಸಾಯುವ ತನಕ ಜಾಗ ಬದಲಿಸುವುದಿಲ್ಲ. ನೀರು ಬಂದ ಕೂಡಲೇ ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಹೊರಗೆ ಚಾಚಿ, ನೀರಿನಲ್ಲಿ ತೇಲುವ ಸಣ್ಣ ಆಹಾರವನ್ನು ಬಾಚಿಕೊಳ್ಳುತ್ತವೆ. ನೀರು ಹೋದಾಗ ಬಾಗಿಲು ಭದ್ರ. ಇದನ್ನು ಕೇಳಿ ನಮಗೆಲ್ಲ ನಗು ಬಂತು. ನಮ್ಮ ಬೀದಿಯಲ್ಲಿ ನೀರು ಬಿಟ್ಟ ಕೂಡಲೇ ಎಲ್ಲರೂ ಡ್ರಮ್ಮು, ಬಿಂದಿಗೆ ಹಿಡಿದು ಓಡೋದಿಲ್ವಾ? ಹಾಗೇನೇ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ, ಅಂದ್ರೆ 8 ವರ್ಷ, ಈ ಬಾರ್ನಕಲ್ಲುಗಳನ್ನೇ ಅಭ್ಯಾಸ ಮಾಡಿದರಂತೆ.

ಇದೇ ಅಂತಸ್ತಿನಲ್ಲಿ ಟೋಪಿಯ ಆಕಾರದ ಲಿಂಪೆಟ್ ಅನ್ನೋ ಹುಳು ಇದೆ. ನೀರು ಇರುವಾಗ ತೆವಳಿ ಹೋಗಿ ಪಾಚಿ ಕೆರೆದು ತಿನ್ನುತ್ತದೆ. ಇವುಗಳಲ್ಲಿ ಎಷ್ಟೋ ಜಾತಿಯವು ನೀರು ಇಳಿಯುವ ಹೊತ್ತಿಗೆ ತಾವು ಹೊರಟ ಜಾಗಕ್ಕೇ ವಾಪಸ್ ಬಂದು ಕೂರುತ್ತವೆ. ಚಿಪ್ಪಿನ ಅಂಚು ಬಂಡೆಯ ಆ ಜಾಗಕ್ಕೇ ಸರಿಯಾಗಿ ಕೂರುವಂತೆ ಸವೆದಿರುತ್ತದೆ. ಬೇರೆ ಕಡೆ ಕೂತರೆ ಸಂದಿ ಉಳಿದು ಒಣಗಬಹುದು.

ಕೆಳಗಿನ ಅಂತಸ್ತು ಅಮಾವಾಸ್ಯೆ ಹುಣ್ಣಿಮೆಯ ಇಳಿತದಲ್ಲಿ ಮಾತ್ರ ಕಾಣುತ್ತದೆ. ನಾವು ಅಷ್ಟು ದೂರದಿಂದ ದಿನ ನೋಡಿಕೊಂಡು ಹೋಗಿದ್ದು ಇದಕ್ಕೇ. ಇಲ್ಲಿ ಕಂದು ಪಾಚಿ ಪೊದೆಯ ಹಾಗೆ ಬೆಳೆದಿತ್ತು. ಬಂಡೆಯ ಮೇಲೆ ಅಲ್ಲಲ್ಲಿ ರಬ್ಬರ್ ಚಾಪೆ ಹಾಸಿದ ಹಾಗಿತ್ತು. "ಅದು ಪ್ರಾಣಿಗಳ ಗುಂಪು, ಮುಟ್ಟಬೇಡಿ. ಇದರಲ್ಲಿ ಕೆಲವು ಜಾತಿಗೆ ತುಂಬಾ ಕೆಟ್ಟ ವಿಷ ಇರುತ್ತೆ" ಅಂತ ಅಕ್ಕ ಕೋಲಿನಿಂದಲೇ ತೋರಿಸಿದರು.

ಅಲ್ಲೇ ಒಬ್ಬ ಅಜ್ಜಿ ಸೀರೆ ಎತ್ತಿ ಕಟ್ಟಿ, ಕಬ್ಬಿಣದ ಉಳಿಯಂಥದ್ದು ಹಿಡಿದು ಬಂಡೆಯಿಂದ ಕಲ್ಗ ಬಿಡಿಸುತ್ತಿದ್ದರು. ಕಲ್ಗ ಅಂದ್ರೆ ಬಂಡೆಗೆ ಅಂಟಿ ಬೆಳೆಯುವ ತಿನ್ನುವ ಚಿಪ್ಪು. ಕುಮಟಾದ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ಸಾವಿರಾರು ಜನ ಹೀಗೇ ಇಳಿತದ ಹೊತ್ತು ನೋಡಿ ಬಳಚು ಅನ್ನೋ ಇನ್ನೊಂದು ಚಿಪ್ಪು ಆರಿಸಿ ಬದುಕುತ್ತಾರೆ. ಆ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣ ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಅಜ್ಜಿ ದೊಡ್ಡ ಕಲ್ಗ ಮಾತ್ರ ತೆಗೆಯುತ್ತಿದ್ದರು. ಯಾಕಜ್ಜಿ ಅಂತ ಕೇಳಿದ್ದಕ್ಕೆ "ಸಣ್ಣದು ಅಲ್ಲೇ ಇರಲಿ ಮಗಾ, ಬೆಳೀಲಿ. ನಾನು ಮತ್ತೂ ಬರಬೇಕಲ್ಲ" ಅಂದರು.

ಹೊಂಡದ ಒಳಗೆ

ಹೊಂಡದಲ್ಲಿ ನೀರು ಇದ್ದೇ ಇರುತ್ತೆ, ಹಾಗಾದರೆ ಅಲ್ಲಿರುವ ಜೀವಿಗಳಿಗೆ ಸುಖ ಅಂದುಕೊಳ್ಳಬೇಡಿ. ಬಿಸಿಲಿಗೆ ನೀರು ಕಾಯುತ್ತದೆ. ಆವಿಯಾದಷ್ಟೂ ಉಪ್ಪು ಹೆಚ್ಚಾಗುತ್ತದೆ. ಮಳೆಗಾಲದಲ್ಲಿ ಸಿಹಿನೀರು ಬಿದ್ದು ಉಪ್ಪು ಕಡಿಮೆಯಾಗುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಬಳಸುವುದರಿಂದ ಉಸಿರಾಟಕ್ಕೆ ಕಷ್ಟ. ಮೇಲಿನ ಸಣ್ಣ ಹೊಂಡಗಳಲ್ಲಿ ಈ ಕಷ್ಟ ಹೆಚ್ಚು. ಅದಕ್ಕೇ ಅಲ್ಲಿ ಜೀವಿಗಳು ಕಡಿಮೆ. ಕೆಳಗಿನ ಹೊಂಡಗಳಲ್ಲಿ ಹೆಚ್ಚು.

ನಾವು ಒಂದು ದೊಡ್ಡ ಹೊಂಡದ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಮೊದಲು ಏನೂ ಕಾಣಲಿಲ್ಲ. ಅಕ್ಕ ಹೇಳಿದರು, "ನೆರಳು ಬೀಳಿಸದೆ ಐದು ನಿಮಿಷ ಸುಮ್ಮನೆ ಕೂತ್ಕೊಳ್ಳಿ." ನಮ್ಮ ತರಗತಿ ಐದು ನಿಮಿಷ ಸುಮ್ಮನಿದ್ದದ್ದು ಅದೇ ಮೊದಲು! ನಿಧಾನವಾಗಿ ಎಲ್ಲ ಹೊರಗೆ ಬಂದವು. ಬಂಡೆ ಬಣ್ಣದ್ದೇ ಸಣ್ಣ ಮೀನು ಮೊದಲು ಅಲುಗಿತು. ಅದು ಗೋಬಿ ಜಾತಿ. ಇವುಗಳಲ್ಲಿ ಕೆಲವು ಉಬ್ಬರದ ಹೊತ್ತಿನಲ್ಲಿ ಈಜಾಡುತ್ತಾ ಯಾವ ಹೊಂಡ ಎಲ್ಲಿದೆ ಅಂತ ನೆನಪಿಟ್ಟುಕೊಂಡು, ಇಳಿತದಲ್ಲಿ ಅಪಾಯ ಬಂದರೆ ಒಂದು ಹೊಂಡದಿಂದ ಕಾಣದ ಇನ್ನೊಂದು ಹೊಂಡಕ್ಕೆ ಸರಿಯಾಗಿ ನೆಗೆಯುತ್ತವೆ. ಪಕ್ಕದಲ್ಲಿ ಒಂದು ಹೂವು ಅರಳಿತ್ತು. ಅದು ಹೂವಲ್ಲ, ಪ್ರಾಣಿ. ಕಡಲಹೂವು ಅಂತಾರೆ. ಅದರ ದಳಗಳಲ್ಲಿ ಕುಟುಕುವ ಕಣಗಳಿವೆ. ಸಿಗಡಿ ಮರಿ ತಗುಲಿದರೆ ಮುಗೀತು. ಬಿರುಕಿನಲ್ಲಿ ಕಪ್ಪು ಮುಳ್ಳಿನ ಚೆಂಡಿನಂಥ ಕಡಲಮುಳ್ಳಿ. ಅದರ ಬಾಯಿ ಕೆಳಗಡೆ ಇರುತ್ತದೆ, ಐದು ಹಲ್ಲು, ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತದೆ.

ಆಮೇಲೆ ಒಂದು ಶಂಖ ನಡೆದುಕೊಂಡು ಬಂತು. ಶಂಖಕ್ಕೆ ಕಾಲೆಲ್ಲಿಂದ ಬಂತು? ಅದು ಸನ್ಯಾಸಿ ಏಡಿ. ಈ ಏಡಿಯ ಮುಂಭಾಗ ಗಟ್ಟಿ, ಹೊಟ್ಟೆ ಮಾತ್ರ ಮೆತ್ತಗೆ. ಸ್ವಂತ ಚಿಪ್ಪಿಲ್ಲ. ಸತ್ತ ಬಸವನಹುಳುವಿನ ಖಾಲಿ ಚಿಪ್ಪನ್ನು ಹುಡುಕಿ ಅದರಲ್ಲಿ ವಾಸ ಮಾಡುತ್ತದೆ. ಬೆಳೆದ ಹಾಗೆ ದೊಡ್ಡ ಮನೆ ಬೇಕು. ಒಂದು ಏಡಿ ದೊಡ್ಡ ಚಿಪ್ಪಿಗೆ ಹೋದರೆ ಅದು ಬಿಟ್ಟ ಚಿಪ್ಪಿಗೆ ಇನ್ನೊಂದು, ಅದು ಬಿಟ್ಟದ್ದಕ್ಕೆ ಮತ್ತೊಂದು. ನಮ್ಮ ಬೀದಿಯಲ್ಲಿ ಮನೆ ಖಾಲಿ ಮಾಡೋದು ಕಾಯೋ ಹಾಗೇ. "ಖಾಲಿ ಚಿಪ್ಪನ್ನೂ ತಗೋಬೇಡಿ ಅಂದಿದ್ದು ಇದಕ್ಕೇ. ನಮಗೆ ಅದು ಅಲಂಕಾರ, ಅದಕ್ಕೆ ಮನೆ" ಅಂದರು ಅಕ್ಕ.

ಕಲ್ಲು ಮಗುಚಿದರೆ

ಅಕ್ಕ ಒಂದು ತಟ್ಟೆಯಷ್ಟು ದೊಡ್ಡ ಕಲ್ಲನ್ನು ನಿಧಾನವಾಗಿ ಮಗುಚಿದರು. ಅದರ ಕೆಳಗೆ ಬೇರೆಯದೇ ಪ್ರಪಂಚ. ಕಿತ್ತಳೆ ಬಣ್ಣದ ಸ್ಪಂಜು, ಹುಳುಗಳು, ಚೇಳಿನ ಬಾಲದಂಥ ಐದು ತೋಳಿನ ಸಣ್ಣ ನಕ್ಷತ್ರ. ಈ ನಕ್ಷತ್ರವನ್ನು ಹಿಡಿದರೆ ತೋಳು ಮುರಿದುಕೊಂಡು ಓಡುತ್ತದೆ, ಆಮೇಲೆ ಹೊಸ ತೋಳು ಬೆಳೆಯುತ್ತದೆ. ಅರ್ಧ ನಿಮಿಷ ತೋರಿಸಿ ಅಕ್ಕ ಕಲ್ಲನ್ನು ಇದ್ದ ಹಾಗೇ ಮುಚ್ಚಿದರು. ಹಾಗೇ ಮಗುಚಿ ಬಿಟ್ಟರೆ ಕೆಳಗಿದ್ದವು ಬಿಸಿಲಿಗೆ ಸಾಯುತ್ತವೆ, ಮೇಲಿದ್ದ ಪಾಚಿ ಕತ್ತಲೆಗೆ ಸಾಯುತ್ತದೆ. ಒಂದು ಕಲ್ಲಿಗೆ ಎರಡು ಊರು ಹಾಳು.

ಅಷ್ಟರಲ್ಲಿ ಸೀಟಿ ಊದಿತು. ನೀರು ಇನ್ನೂ ದೂರದಲ್ಲೇ ಇತ್ತು. ಇಷ್ಟು ಬೇಗ ಯಾಕೆ ಅಂತ ಗೊಣಗಿದೆವು. ಅಕ್ಕ ಹಿಂದೆ ತಿರುಗಿ ನೋಡಿ ಅಂದರು. ನಾವು ಬರುವಾಗ ಒಣಗಿದ್ದ ಒಂದು ಓಣಿಯಂಥ ಜಾಗದಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು! ನೀರು ಎದುರಿನಿಂದ ಮಾತ್ರ ಬರುವುದಿಲ್ಲ, ಬಂಡೆಗಳ ಸಂದಿಯಿಂದ ನಮ್ಮ ಬೆನ್ನ ಹಿಂದಕ್ಕೂ ಬರುತ್ತದೆ. ಮೊದಲ ಗಂಟೆ ನಿಧಾನವಾಗಿ ಏರುವ ನೀರು ಮೂರನೇ ನಾಲ್ಕನೇ ಗಂಟೆಯಲ್ಲಿ ತುಂಬಾ ಜೋರಾಗಿ ಏರುತ್ತದೆ. ನಿಧಾನ ಇರುವಾಗಲೇ ಹೊರಡುವುದು ಜಾಣತನ.

ನನ್ನ ತಪ್ಪು

ಹೊರಡುವ ಗಡಿಬಿಡಿಯಲ್ಲಿ ಒಂದು ಸಣ್ಣ ಹೊಂಡದ ಅಂಚಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಶಂಖ ಕಂಡಿತು. ಕಂದು ಪಟ್ಟೆ ಇತ್ತು. ಎತ್ತಿ ನೋಡಿದೆ, ಒಳಗೆ ಏನೂ ಕಾಣಲಿಲ್ಲ. ಖಾಲಿ ಅಂದುಕೊಂಡೆ. ನಿಜ ಹೇಳಬೇಕಂದ್ರೆ, ಖಾಲಿ ಇರಲಿ ಅಂತ ಆಸೆಪಟ್ಟೆ. ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿದೆ. ಮೇಲೆ ಬಂದ ಮೇಲೆ ಅಕ್ಕ "ಯಾರಾದ್ರೂ ಏನಾದ್ರೂ ತಂದಿದ್ದೀರಾ? ಈಗಲೇ ಕೊಡಿ, ಬೈಯಲ್ಲ" ಅಂತ ಕೇಳಿದರು. ಇಬ್ಬರು ತಂದಿದ್ದನ್ನು ಕೊಟ್ಟರು. ನಾನು ಕೊಡಲಿಲ್ಲ.

ರಾತ್ರಿ ರೈಲಿನಲ್ಲಿ ತಲೆದಿಂಬಿಗೆ ಬ್ಯಾಗು ಇಟ್ಟುಕೊಂಡು ಮಲಗಿದ್ದೆ. ಬ್ಯಾಗಿನೊಳಗೆ ಕರ ಕರ ಅಂತ ಸದ್ದು. ಜಿರಲೆ ಇರಬೇಕು ಅಂತ ಬ್ಯಾಗಿಗೆ ಎರಡು ಸಲ ಬಡಿದೆ. ಆಮೇಲೆ ಸದ್ದು ನಿಂತಿತು. ನಾನು ನಿದ್ದೆ ಹೋದೆ.

ಮನೆಗೆ ಬಂದ ಕೂಡಲೇ ತಮ್ಮ ಓಡಿ ಬಂದ. ಕರ್ಚೀಫು ಬಿಚ್ಚಿದೆ. ಏಡಿ ಚಿಪ್ಪಿನಿಂದ ಅರ್ಧ ಹೊರಗೆ ಬಂದು ಸತ್ತು ಬಿದ್ದಿತ್ತು. ಅದು ಕಿವಿರಿನಿಂದ ಉಸಿರಾಡುವ ಜೀವಿ, ಕಿವಿರು ಒಣಗಿದರೆ ಉಸಿರಿಲ್ಲ. ಮೆತ್ತನೆ ಹೊಟ್ಟೆ ನನಗೆ ಮೊದಲ ಸಲ ಕಂಡಿದ್ದು ಆಗಲೇ. "ಅಕ್ಕಾ, ಇದು ಯಾಕೆ ಏಳ್ತಿಲ್ಲ?" ಅಂತ ತಮ್ಮ ಕೇಳಿದ. ಉಪ್ಪುನೀರು ಮಾಡಿ ಹಾಕೋಣ ಅಂದ. ಅಡುಗೆ ಉಪ್ಪು ಕಲಸಿ ಬಟ್ಟಲಲ್ಲಿ ಇಟ್ಟೆವು ಕೂಡ. ಏನೂ ಆಗಲಿಲ್ಲ. ತುಳಸಿ ಕುಂಡದ ಮಣ್ಣಿನಲ್ಲಿ ಮುಚ್ಚಿದೆವು.

ಉಬ್ಬರವಿಳಿತ, ಬಿಸಿಲು, ಉಪ್ಪು, ಮಳೆ ಎಲ್ಲವನ್ನೂ ತಡೆದುಕೊಳ್ಳುವ ಜೀವಿ ನನ್ನ ಒಂದು ಜೇಬನ್ನು ತಡೆದುಕೊಳ್ಳಲಿಲ್ಲ. ಅವತ್ತು ಬೈಯಲ್ಲ ಅಂದಿದ್ದ ಅಕ್ಕನಿಗೆ ಕೊಟ್ಟಿದ್ದರೆ ಏಳೂವರೆಯ ನೀರಿನಲ್ಲಿ ಅದು ಮತ್ತೆ ನಡೆದು ಹೋಗುತ್ತಿತ್ತು. ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ, "ಇದನ್ನೂ ಬರಿ" ಅಂದರು. ಅದಕ್ಕೇ ಬರೆದೆ.

ಮುಂದೆ ಹೋಗುವವರು ನೆನಪಿಡಿ

1. ಇಳಿತದ ಸಮಯ ನೋಡಿಯೇ ಹೊರಡಿ. ಒಂದು ಗಂಟೆ ಮುಂಚೆ ಇಳಿದು, ಇಳಿತ ಕಳೆದು ಅರ್ಧ ಗಂಟೆಗೆ ಮೇಲೆ ಬನ್ನಿ. ಗೊತ್ತಿರುವವರು ಜೊತೆಗಿಲ್ಲದೆ ಹೋಗಬೇಡಿ. ಮಳೆಗಾಲದಲ್ಲಿ ಬಂಡೆಗೆ ಇಳಿಯಲೇಬೇಡಿ.

2. ಜಾರದ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೇ ಶೂ ಹಾಕಿ. ಹವಾಯಿ ಚಪ್ಪಲಿ ಬೇಡ. ಇಬ್ಬರು ಬಿದ್ದರು!

3. ಕಣ್ಣಿನಿಂದ ನೋಡಿ, ಕೈ ಹಾಕಬೇಡಿ. ಶಂಖದಂಥ ಕೆಲವು ಹುಳುಗಳು ವಿಷದ ಮುಳ್ಳು ಚುಚ್ಚುತ್ತವೆ.

4. ಮಗುಚಿದ ಕಲ್ಲನ್ನು ಇದ್ದ ಹಾಗೇ ಮುಚ್ಚಿ.

5. ಏನನ್ನೂ ತರಬೇಡಿ. ಹವಳ, ಕಡಲಸೌತೆ, ಕುದುರೆಮೀನುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆಯ ರಕ್ಷಣೆ ಇಲ್ಲದವಕ್ಕೆ ನಾವಿದ್ದೇವಲ್ಲ.

ಕೊನೆಯ ಮಾತು. ಈ ಗೋಡೆ ಪತ್ರಿಕೆಯ ಕೆಳಗೆ, ಸೀಮೆಸುಣ್ಣದ ಡಬ್ಬಿಯಲ್ಲಿ, ಆ ಚಿಪ್ಪನ್ನು ತೊಳೆದು ಇಟ್ಟಿದ್ದೇನೆ. ತಮ್ಮ ತಾನಾಗೇ ವಾಪಸ್ ಕೊಟ್ಟ. ನೋಡಿ, ಕಿವಿಗಿಟ್ಟು ಕೇಳಿ, ಆದರೆ ಯಾರೂ ಮನೆಗೆ ಒಯ್ಯಬೇಡಿ. ಮುಂದಿನ ವರ್ಷ ಕುಮಟಾಕ್ಕೆ ಹೋಗುವ ಎಂಟನೇ ತರಗತಿಯವರು ಅದನ್ನು ತೆಗೆದುಕೊಂಡು ಹೋಗಿ, ಕೆಳಗಿನ ಅಂತಸ್ತಿನ ಯಾವುದಾದರೂ ಹೊಂಡದಲ್ಲಿ ಇಡಬೇಕು. ನಿಂಬೆಹಣ್ಣಿನಷ್ಟು ದೊಡ್ಡ ಮನೆ ಹುಡುಕುತ್ತಿರುವ ಏಡಿ ಅಲ್ಲಿ ಒಂದಾದರೂ ಇರುತ್ತದೆ.

ಒಂಬತ್ತನೇ ತರಗತಿ, ‘ಬಿ’ ವಿಭಾಗ
(ಮೂರು ಅಂತಸ್ತಿನ ಬಂಡೆಯ ಚಿತ್ರ ಪಕ್ಕದ ಹಾಳೆಯಲ್ಲಿದೆ. ಬಣ್ಣ ಹಚ್ಚಿದ್ದು ನನ್ನ ತಮ್ಮ.)